ಜೋಳದ ರೊಟ್ಟಿ ತಾಟಿನಲ್ಲಿ ತತ್ತಿಗೂ ಒಂದು ಜಾಗ

ವಿಜಯಪುರ ಸೀಮೆಯ ಊಟ ಮೊದಲೇ ಗಟ್ಟಿ ಊಟ. ಬಿಳಿಜೋಳದ ರೊಟ್ಟಿ, ತೊಗರಿಬೇಳೆ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಒಂದು ಹಿಡಿ ಮೆಂತ್ಯೆ ಸೊಪ್ಪು. ಇದನ್ನು ಬಿಟ್ಟು ಬೇರೇನೋ ತಿನ್ನಿ ಅಂತ ನಾನು ಹೇಳುವುದಿಲ್ಲ. ಇದೇ ತಾಟಿನಲ್ಲಿ ತತ್ತಿಗೆ, ಅಂದರೆ ಮೊಟ್ಟೆಗೆ, ಎಲ್ಲಿ ಜಾಗ ಕೊಡಬೇಕು, ಎಷ್ಟು ಕೊಡಬೇಕು, ಹೇಗೆ ತಂದು ಹೇಗೆ ಬೇಯಿಸಬೇಕು, ಮನೆಯಲ್ಲಿ ಯಾರಿಗೆ ಮೊದಲು ಬಡಿಸಬೇಕು ಅನ್ನೋದಷ್ಟೇ ಇಲ್ಲಿಯ ವಿಷಯ. ಕೊನೆಯ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದೆ.

ಮೊದಲು ನಿಮ್ಮ ತಾಟಿನ ಲೆಕ್ಕ ಹಾಕಿ

ದೊಡ್ಡವರಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ. 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. 65 ಕಿಲೋ ಗಂಡಸಿಗೆ 54 ಗ್ರಾಂ. ಗರ್ಭಿಣಿ ಮತ್ತು ಬಾಣಂತಿಗೆ ಇದಕ್ಕಿಂತ ಜಾಸ್ತಿ.

ಈಗ ಒಬ್ಬ ಹೆಂಗಸಿನ ಒಂದು ದಿನದ ಊಟ ನೋಡೋಣ. ನಾಲ್ಕು ರೊಟ್ಟಿಗೆ 200 ಗ್ರಾಂ ಹಿಟ್ಟು ಹಿಡಿದರೆ 20 ಗ್ರಾಂ ಪ್ರೋಟೀನ್. ಗಟ್ಟಿ ಬೇಳೆ ಎರಡು ಬಟ್ಟಲು, 12 ಗ್ರಾಂ. ಒಂದು ಸಣ್ಣ ಬಟ್ಟಲು ಮೊಸರಿನಿಂದ 4 ಗ್ರಾಂ. ಎರಡು ಚಮಚ ಶೇಂಗಾ ಹಿಂಡಿಯಿಂದ 3 ಗ್ರಾಂ. ಒಟ್ಟು 39. ಬೇಳೆ ತಿಳಿಸಾರಾದ ದಿನ, ಮೊಸರು ಮಜ್ಜಿಗೆಯಾದ ದಿನ ಇದು ಇನ್ನೂ ಕೆಳಗೆ ಇಳಿಯುತ್ತದೆ. ಒಂದು ತತ್ತಿಯಲ್ಲಿ 6 ಗ್ರಾಂ ಇದೆ. ಸೇರಿಸಿದರೆ 45. ಅಂದರೆ ಕಡಿಮೆ ಬಿದ್ದದ್ದು ಹೆಚ್ಚುಕಡಿಮೆ ಒಂದು ತತ್ತಿಯಷ್ಟೇ.

ಇನ್ನೊಂದು ವಿಷಯ ಇದೆ. ಪ್ರೋಟೀನ್ ಅನ್ನೋದು ಒಂದೇ ವಸ್ತು ಅಲ್ಲ. ಅದು ಹಲವು ಅಮೈನೋ ಆಮ್ಲಗಳ ಸರಪಳಿ. ಅವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಜೋಳದಲ್ಲಿ ಅವುಗಳ ಪೈಕಿ ಲೈಸಿನ್ ಕಡಿಮೆ. ಬೇಳೆಕಾಳಿನಲ್ಲಿ ಲೈಸಿನ್ ಚೆನ್ನಾಗಿದೆ. ನಮ್ಮ ಹಿರಿಯರು ರೊಟ್ಟಿ ಜೊತೆ ಕಾಳುಪಲ್ಯ ಇಟ್ಟದ್ದು ಅದಕ್ಕೇ ಸರಿಹೋಗುತ್ತದೆ. ತತ್ತಿಯಲ್ಲಿ ಒಂಬತ್ತೂ ಬೇಕಾದ ಪ್ರಮಾಣದಲ್ಲಿ ಇವೆ. ಹಾಗಾಗಿ ರೊಟ್ಟಿಯ ಪಕ್ಕ ಬೇಯಿಸಿದ ತತ್ತಿ ಬಂತೆಂದರೆ ರೊಟ್ಟಿಯ ಪ್ರೋಟೀನೂ ದೇಹಕ್ಕೆ ಚೆನ್ನಾಗಿ ಒದಗುತ್ತದೆ.

ಒಂದು ತತ್ತಿಯಲ್ಲಿ ಏನಿದೆ, ಏನಿಲ್ಲ

ಸಾಧಾರಣ ಗಾತ್ರದ ಒಂದು ತತ್ತಿಯಿಂದ ಸುಮಾರು 70 ಕ್ಯಾಲರಿ, 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು ಸಿಗುತ್ತದೆ. ಪ್ರೋಟೀನಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಿಳಿಯಲ್ಲಿದೆ, ಉಳಿದದ್ದು ಹಳದಿಯಲ್ಲಿ. ಕೊಬ್ಬು, ವಿಟಮಿನ್ ಎ, ವಿಟಮಿನ್ ಡಿ, ಮಿದುಳಿಗೆ ಬೇಕಾದ ಕೋಲಿನ್, ಕಣ್ಣಿಗೆ ಒಳ್ಳೆಯದಾದ ಲೂಟೀನ್ ಇವೆಲ್ಲ ಹಳದಿಯಲ್ಲೇ ಇವೆ. ಬಿ12 ಕೂಡ ಬಹುಪಾಲು ಅಲ್ಲಿಯೇ. ಜೋಳ, ಬೇಳೆ, ಸೊಪ್ಪು ಯಾವುದರಲ್ಲೂ ಬಿ12 ಇಲ್ಲ. ಹಾಲು, ಮೊಸರು, ತತ್ತಿ, ಮೀನು, ಮಾಂಸದಿಂದಲೇ ಬರಬೇಕು. ಹಳದಿ ತೆಗೆದು ಬಿಸಾಕಿ ಬರೀ ಬಿಳಿ ತಿನ್ನುವವರು ಇದನ್ನು ಗಮನಿಸಬೇಕು. ಡಾಕ್ಟರು ಬೇಡ ಅಂದಿಲ್ಲದಿದ್ದರೆ ಹಳದಿ ಬಿಡಬೇಡಿ.

ಇಲ್ಲದ್ದೂ ಇದೆ. ನಾರಿನಂಶ ಇಲ್ಲ. ವಿಟಮಿನ್ ಸಿ ಇಲ್ಲ. ಕ್ಯಾಲ್ಸಿಯಂ ಬಹುಪಾಲು ಚಿಪ್ಪಿನಲ್ಲೇ ಉಳಿಯುತ್ತದೆ, ಒಳಗೆ ಕಡಿಮೆ. ಆದ್ದರಿಂದ ಎರಡು ತತ್ತಿ, ಎರಡು ಬ್ರೆಡ್ ತಿಂದು ಊಟ ಆಯಿತು ಅನ್ನಬೇಡಿ. ಸೊಪ್ಪು, ಸವತಿಕಾಯಿ, ಗಜ್ಜರಿ, ಮೊಸರು ತಾಟಿನಲ್ಲಿ ಇರಲೇಬೇಕು.

ಕಬ್ಬಿಣದ ಮಾತು ಬೇರೆಯಾಗಿಯೇ ಹೇಳಬೇಕು. ತತ್ತಿ ತಿಂದರೆ ರಕ್ತ ಹೆಚ್ಚುತ್ತದೆ ಅಂತ ಬಹಳ ಮನೆಗಳಲ್ಲಿ ನಂಬಿಕೆ ಇದೆ. ತತ್ತಿಯಲ್ಲಿ ಕಬ್ಬಿಣ ಇರುವುದು ಸ್ವಲ್ಪ, ಸುಮಾರು 1 ಮಿಲಿಗ್ರಾಂ. ಹಳದಿಯಲ್ಲಿರುವ ಒಂದು ಪ್ರೋಟೀನ್ ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ದೇಹಕ್ಕೆ ಅದು ಪೂರ್ತಿ ಸಿಗುವುದಿಲ್ಲ. ರಕ್ತಹೀನತೆ ಇದ್ದವರು ತತ್ತಿಯನ್ನೇ ನಂಬಿ ಕೂರಬೇಡಿ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಊಟದಲ್ಲಿ ಸೊಪ್ಪು, ಕಾಳು ಇರಲಿ, ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಿ. ಇಂಡಿ ತಾಲ್ಲೂಕಿನ ಲಿಂಬೆ ದೇಶಕ್ಕೇ ಹೆಸರಾಗಿದೆ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಲಿಂಬೆಯ ವಿಟಮಿನ್ ಸಿ ಸೊಪ್ಪಿನ ಕಬ್ಬಿಣವನ್ನು ದೇಹಕ್ಕೆ ಸೇರಿಸುತ್ತದೆ. ಊಟದ ಜೊತೆಗೆ ಅಥವಾ ಊಟ ಮುಗಿದ ಕೂಡಲೇ ಚಹಾ ಕುಡಿಯಬೇಡಿ. ಚಹಾ ಆ ಕಬ್ಬಿಣವನ್ನು ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ.

ದಿನಕ್ಕೆ ಎಷ್ಟು?

ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ ಒಂದು. ಇದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ.

ಕೊಲೆಸ್ಟ್ರಾಲ್ ಭಯ ಹಳೆಯದು. ಒಂದು ತತ್ತಿಯಲ್ಲಿ ಸುಮಾರು 190 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ, ಎಲ್ಲವೂ ಹಳದಿಯಲ್ಲಿ. ಹಿಂದೆ ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಅಂತ ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿ ಇತ್ತು. 2015ರ ಆವೃತ್ತಿಯಲ್ಲಿ ಆ ಮಿತಿಯನ್ನು ಕೈಬಿಟ್ಟರು. ಯಾಕೆಂದರೆ ನಮ್ಮ ರಕ್ತದ ಕೊಲೆಸ್ಟ್ರಾಲಿನ ಬಹುಪಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ. ಹೆಚ್ಚಿನವರಲ್ಲಿ ಅದನ್ನು ಏರಿಸುವುದು ತತ್ತಿಗಿಂತ ಡಾಲ್ಡಾ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದ ತಿಂಡಿ, ಬೇಕರಿಯ ಖಾರಿ, ಪಫ್ ಇಂಥವು. ಸಂಜೆ ನಾಲ್ಕು ಮಿರ್ಚಿ ಬಜ್ಜಿ ತಿಂದು ಬೆಳಿಗ್ಗೆ ತತ್ತಿಯ ಹಳದಿ ತೆಗೆದಿಡುವುದರಿಂದ ಹೃದಯಕ್ಕೆ ಲಾಭ ಇಲ್ಲ.

ಆದರೆ ಎಲ್ಲರ ಮೈ ಒಂದೇ ಥರ ಅಲ್ಲ. ಸಕ್ಕರೆ ಕಾಯಿಲೆ ಇದ್ದವರು, ಹೃದಯದ ತೊಂದರೆ ಆದವರು, ಕೆಟ್ಟ ಕೊಲೆಸ್ಟ್ರಾಲ್ ಮೊದಲೇ ಜಾಸ್ತಿ ಇದ್ದವರು, ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆದ ಮನೆತನದವರು ದಿನಾ ತಿನ್ನುವ ಮೊದಲು ಡಾಕ್ಟರನ್ನು ಕೇಳಿ. ಕಿಡ್ನಿ ಕಾಯಿಲೆ ಇದ್ದರೆ ಒಟ್ಟು ಪ್ರೋಟೀನಿಗೇ ಮಿತಿ ಇರುತ್ತದೆ, ಅವರೂ ಕೇಳಿಯೇ ತಿನ್ನಬೇಕು.

ಕೂಸಿಗೆ ಆರು ತಿಂಗಳು ತುಂಬಿ ಮೇಲಿನ ಊಟ ಶುರುವಾದ ಮೇಲೆ ತತ್ತಿ ಕೊಡಬಹುದು. ಗಟ್ಟಿಯಾಗಿ ಬೆಂದಿರಬೇಕು. ಮೊದಲ ದಿನ ಚಮಚದ ತುದಿಯಷ್ಟು, ಮೆತ್ತಗೆ ಕಿವುಚಿ, ಬಿಸಿನೀರಲ್ಲೋ ತಾಯಿಹಾಲಲ್ಲೋ ತೆಳ್ಳಗೆ ಮಾಡಿ. ಹಗಲು ಹೊತ್ತು ಕೊಡಿ, ಆ ದಿನ ಬೇರೆ ಹೊಸ ಪದಾರ್ಥ ಬೇಡ. ಮೈಮೇಲೆ ದದ್ದು, ತುಟಿ ಬಾವು, ವಾಂತಿ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಉಸಿರಾಟಕ್ಕೆ ತ್ರಾಸಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಿ. ಏನೂ ಆಗದಿದ್ದರೆ ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ.

ಯಾರ ತಾಟಿಗೆ ಮೊದಲು?

ಬಹಳ ಮನೆಗಳಲ್ಲಿ ತತ್ತಿ ಬಂದ ದಿನ ಬಡಿಸುವ ಕ್ರಮ ನೋಡಿ. ಮೊದಲು ಗಂಡಸರು, ಆಮೇಲೆ ಗಂಡುಹುಡುಗರು. ಹೊಲದ ಕೆಲಸ ಇವರದು, ಬೆಳೆಯುವ ಹುಡುಗರು ಇವರು ಅಂತ ಕಾರಣ. ಕೊನೆಗೆ ಅಡಿಗೆ ಮಾಡಿದವಳ ತಾಟಿಗೆ ಸಾರು ಮಾತ್ರ. ಹದಿಮೂರು ಹದಿನಾಲ್ಕರ ಹುಡುಗಿಗೆ ಅರ್ಧ ಸಿಕ್ಕರೆ ಹೆಚ್ಚು.

ದೇಹದ ಅಗತ್ಯ ನೋಡಿದರೆ ಕ್ರಮ ತಿರುಗಬೇಕು. ಹೊಟ್ಟೆಯಲ್ಲಿ ಮಗು ಇರುವವಳಿಗೆ, ಹಾಲೂಡುವವಳಿಗೆ, ದೊಡ್ಡವಳಾಗುತ್ತಿರುವ ಹುಡುಗಿಗೆ, ಎರಡು ಮೂರು ವರ್ಷದ ಕೂಸಿಗೆ ಮೊದಲು. ಮೈ ಕಟ್ಟುವ ಕೆಲಸ ಈ ನಾಲ್ವರಲ್ಲಿ ಜೋರಾಗಿ ನಡೆದಿರುತ್ತದೆ. ಹಲ್ಲು ಬಿದ್ದು ಗಟ್ಟಿ ರೊಟ್ಟಿ ಅಗಿಯಲಾಗದ ಅಜ್ಜ ಅಜ್ಜಿಯರೂ ಈ ಸಾಲಿನಲ್ಲೇ ಬರುತ್ತಾರೆ. ಪೂರ್ತಿ ಬೆಂದ ತತ್ತಿಯೂ ಮೆತ್ತಗಿರುತ್ತದೆ, ಅವರಿಗೆ ಅದು ಸುಲಭದ ಪ್ರೋಟೀನ್. ಮನೆಯಲ್ಲಿ ನಾಲ್ಕೇ ತತ್ತಿ ಇದ್ದು ಆರು ಜನ ಇದ್ದರೆ, ಬಿಟ್ಟುಕೊಡಬೇಕಾದವರು ಗಟ್ಟಿಮುಟ್ಟಾದ ದೊಡ್ಡವರು. ಅವರಿಗೆ ಇನ್ನೊಂದು ಬಟ್ಟಲು ಬೇಳೆ, ಇನ್ನೊಂದು ಚಮಚ ಹಿಂಡಿ ಸಾಕು.

ಸರ್ಕಾರವೂ ಈ ಕಾರಣಕ್ಕೇ ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆ ಮಾಡಿತು. 2017ರ ಅಕ್ಟೋಬರ್ 2ರಂದು ಶುರುವಾದ ಈ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಿಸಿಯೂಟ, ಜೊತೆಗೆ ಮೊಟ್ಟೆ. ಅಲ್ಲೇ ಕೂತು ಉಣ್ಣಬೇಕು ಅನ್ನೋ ನಿಯಮದ ಹಿಂದೆ ಅರ್ಥ ಇದೆ. ಮನೆಗೆ ಒಯ್ದರೆ ಅದು ಹಂಚಿಹೋಗುತ್ತದೆ. ಅತ್ತೆಯರಾದವರಿಗೆ ನನ್ನದೊಂದು ಮನವಿ. ಸೊಸೆ ಅಂಗನವಾಡಿಗೆ ಹೋಗಿ ಊಟ ಮಾಡಿ ಬರಲಿ, ಮನೆಗೆ ತಂದ ದಿನವೂ ಅದು ಅವಳ ತತ್ತಿಯೇ.

ಶಾಲೆಯ ಮೊಟ್ಟೆಯ ವಿಷಯವೂ ಇದರ ಜೊತೆಗೇ ಬರುತ್ತದೆ. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆ ವಿಜಯಪುರವನ್ನೂ ಸೇರಿಸಿದ್ದರು. ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿದ್ದದ್ದೇ ಕಾರಣ. ಆಮೇಲೆ ಅದು ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿ ವಾರಕ್ಕೆ ಆರು ದಿನ ಆಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುತ್ತಿದ್ದರು, 2025ರಲ್ಲಿ ಚಿಕ್ಕಿ ನಿಲ್ಲಿಸಿದರು. ನಿಮ್ಮ ಮಗು ಶಾಲೆಯಲ್ಲಿ ಏನು ತಿನ್ನುತ್ತಿದೆ ಅಂತ ಒಮ್ಮೆ ಕೇಳಿ ನೋಡಿ. ಮೊಟ್ಟೆ ಬೇಡವಾದರೆ ಮನೆಯಲ್ಲಿ ಒಂದು ಹಿಡಿ ಶೇಂಗಾ ಕೊಡಿ. ಬಾಳೆಹಣ್ಣು ಒಳ್ಳೆಯ ಹಣ್ಣೇ, ಆದರೆ ಅದರಲ್ಲಿ ಪ್ರೋಟೀನ್ 1 ಗ್ರಾಂ ಮಾತ್ರ. ಪ್ರೋಟೀನಿನ ವಿಷಯದಲ್ಲಿ ಮೊಟ್ಟೆಗೆ ಹತ್ತಿರ ಬರುವುದು ಶೇಂಗಾ. ಶಾಲೆಯಲ್ಲಿ ಮೊಟ್ಟೆ ತಿಂದ ದಿನ ಮನೆಯಲ್ಲಿ ಮತ್ತೆ ಕೊಡಲೇಬೇಕೆಂದಿಲ್ಲ. ಆ ತತ್ತಿ ಮನೆಯಲ್ಲಿರುವ ತಾಯಿಗಿರಲಿ.

ತರುವಾಗ

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕಿರಾಣಿ ಅಂಗಡಿಯ ಮುಂದೆ ಟ್ರೇ ಮೇಲೆ ಟ್ರೇ ಪೇರಿಸಿ ಬಿಸಿಲಿಗೇ ಇಟ್ಟಿರುತ್ತಾರೆ. ಅಂಥ ಕಡೆ ತಗೊಳ್ಳಬೇಡಿ. ನೆರಳಲ್ಲಿ ಇಟ್ಟ, ದಿನಾ ಖರ್ಚಾಗುವ ಅಂಗಡಿ ನೋಡಿ. ಸಡಿಲವಾಗಿ ಮಾರುವ ತತ್ತಿಯ ಮೇಲೆ ತಾರೀಖು ಇರುವುದಿಲ್ಲ, ಹಾಗಾಗಿ ಬಾಯಿಬಿಟ್ಟು ಕೇಳಬೇಕು.

“ಕಾಕಾ, ಈ ತತ್ತಿ ಯಾವಾಗ ಬಂದಾವ್ರಿ?”

“ನಿನ್ನೆ ಸಂಜೀಕ ಬಂದಾವ್ರಿ ಅಕ್ಕಾರ. ಕೆಳಗಿನ ಟ್ರೇ ಮೊನ್ನೀದು, ಮ್ಯಾಲಿಂದ ತಗೋರಿ.”

ಹೀಗೆ ಕೇಳುವ ಗಿರಾಕಿಗಳು ನಾಲ್ಕು ಜನ ಇದ್ದರೆ ಅಂಗಡಿಯವರೂ ಹಳೆಯದನ್ನು ಬೇರೆ ಇಡಲು ಶುರು ಮಾಡುತ್ತಾರೆ. ಒಡಕು, ಸಣ್ಣ ಬಿರುಕು, ಒದ್ದೆ, ಹಿಕ್ಕಿ ಮೆತ್ತಿದ ತತ್ತಿ ಬೇಡ. ಬಿರುಕಿನಿಂದ ರೋಗಾಣು ಒಳಗೆ ಹೋಗುತ್ತದೆ.

ಜವಾರಿ ತತ್ತಿಯೋ ಫಾರ್ಮಿನದೋ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇದು: ನಿಮ್ಮ ಜೇಬಿಗೆ ಯಾವುದು ಸರಿಹೋಗುತ್ತದೋ ಅದು. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ. ಹಳದಿಯ ಬಣ್ಣ ಅದು ತಿಂದ ಮೇವಿನಿಂದ, ಮೆಕ್ಕೆಜೋಳ, ಹಸಿರು ತಿಂದ ಕೋಳಿಯದು ಗಾಢ. ಬಯಲಲ್ಲಿ ಓಡಾಡಿ ಮೇಯ್ದ ಕೋಳಿಯ ತತ್ತಿಯಲ್ಲಿ ಕೆಲವು ವಿಟಮಿನ್ ಸ್ವಲ್ಪ ಹೆಚ್ಚಿರಬಹುದು, ರುಚಿಯೂ ಬೇರೆ. ಆದರೆ ಪ್ರೋಟೀನ್ ಅಷ್ಟೇ. ಒಂದು ಜವಾರಿ ತತ್ತಿಯ ರೊಕ್ಕದಲ್ಲಿ ಎರಡು ಫಾರ್ಮ್ ತತ್ತಿ ಬಂದರೆ, ಇಬ್ಬರು ಮಕ್ಕಳಿರುವ ಮನೆಗೆ ಎರಡೇ ಒಳ್ಳೆಯದು. ಹಿತ್ತಲಿದ್ದವರು ನಾಲ್ಕು ಕೋಳಿ ಸಾಕಿದರೆ ಇನ್ನೂ ಚಲೋ. ಬೆಂಗಳೂರಿನ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ಹಿತ್ತಲಲ್ಲೇ ಬದುಕುತ್ತವೆ. ಗೂಡಿಗೆ ಕೈ ಹಾಕಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೆ ಕಲಿಸಿ.

ಮೊಬೈಲಿನಲ್ಲಿ ಓಡಾಡುವ ಪ್ಲಾಸ್ಟಿಕ್ ತತ್ತಿಯ ವಿಡಿಯೋ ನೋಡಿ ಹೆದರಬೇಡಿ. ಅಂಥದ್ದು ಇಲ್ಲ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಹಳೆಯದಾಗಿ ಒಣಗಿದ ತತ್ತಿಯ ಒಳಪೊರೆ ಗಟ್ಟಿ ಕಾಗದದ ಹಾಗೆ ಕಾಣುತ್ತದೆ, ಅಷ್ಟೇ.

ಇಡುವಾಗ

ಮನೆಗೆ ತಂದ ತತ್ತಿಯನ್ನು ತೊಳೆದಿಡಬೇಡಿ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರ ಇವೆ. ಅವುಗಳ ಮೇಲೆ ಕೋಳಿಯೇ ಕೊಟ್ಟ ತೆಳು ಪದರ ಇರುತ್ತದೆ. ತೊಳೆದರೆ ಅದು ಹೋಗುತ್ತದೆ, ಹೊರಗಿನ ಕೊಳೆ ಒಳಗೆ ಇಳಿಯುತ್ತದೆ. ಒಣಬಟ್ಟೆಯಿಂದ ಒರೆಸಿಡಿ. ಬೇಯಿಸುವ ಮುಂಚೆ ಮಾತ್ರ ತೊಳೆಯಿರಿ.

ಫ್ರಿಜ್ ಇದ್ದರೆ ಬಾಗಿಲಿನಲ್ಲಿ ಬೇಡ, ಒಳಗಿನ ಹಲಗೆಯ ಮೇಲೆ. ಬಾಗಿಲು ತೆರೆದಾಗಲೆಲ್ಲ ಅಲ್ಲಿ ಬಿಸಿಗಾಳಿ ಬಡಿಯುತ್ತದೆ. ಚೂಪಾದ ತುದಿ ಕೆಳಗೆ ಬರಲಿ. ಎರಡು ಮೂರು ವಾರದೊಳಗೆ ಮುಗಿಸಿ.

ಫ್ರಿಜ್ ಇಲ್ಲದ ಮನೆಗೆ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಬೇಕಾದಷ್ಟೇ ತನ್ನಿ. ಇಡೀ ಟ್ರೇ ಅಗ್ಗ ಅಂತ ಮೂವತ್ತು ತಂದು ಹತ್ತು ಕೆಡಿಸಿದರೆ ಅಗ್ಗ ಎಲ್ಲಿಂದ ಬಂತು? ತಂಪಾಗಿಡಲು ಒಂದು ಉಪಾಯ ಇದೆ. ಅಗಲವಾದ ಮಣ್ಣಿನ ಗಡಿಗೆಯಲ್ಲಿ ನಾಲ್ಕು ಬೆರಳು ಉಸುಕು ಹಾಕಿ. ಅದರ ನಡುವೆ ಸಣ್ಣ ಗಡಿಗೆ ಕೂರಿಸಿ ಸುತ್ತಲೂ ಉಸುಕು ತುಂಬಿ. ದಿನಕ್ಕೆರಡು ಸಲ ಉಸುಕಿಗೆ ನೀರು ಹನಿಸಿ. ಒಳಗಿನ ಗಡಿಗೆ ಒಣಗಿರಬೇಕು, ಅದರಲ್ಲಿ ತತ್ತಿ ಇಟ್ಟು ಮೇಲೆ ಹಸಿಬಟ್ಟೆ ಮುಚ್ಚಿ, ನೆರಳಲ್ಲಿ ಗಾಳಿ ಆಡುವ ಕಡೆ ಇಡಿ. ನೀರು ಆವಿಯಾಗುವಾಗ ಒಳಗಿನ ಕಾವನ್ನು ಒಯ್ಯುತ್ತದೆ. ವಿಜಯಪುರದ ಒಣಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ಥಂಡಿ ಹವೆಯಲ್ಲಿ ಅಷ್ಟು ಉಪಯೋಗ ಇಲ್ಲ.

ಅನುಮಾನ ಬಂದರೆ ಬೋಗುಣಿಯಲ್ಲಿ ನೀರು ತುಂಬಿ ತತ್ತಿ ಬಿಡಿ. ತಳದಲ್ಲಿ ಅಡ್ಡ ಮಲಗಿದರೆ ತಾಜಾ. ತಳದಲ್ಲೇ ನೆಟ್ಟಗೆ ನಿಂತರೆ ಹಳೆಯದು, ಇವತ್ತೇ ಗಟ್ಟಿಯಾಗಿ ಬೇಯಿಸಿ ತಿನ್ನಿ. ತೇಲಿದರೆ ಹೊರಗೆ ಹಾಕಿ. ದಿನ ಕಳೆದಂತೆ ಒಳಗಿನ ನೀರಿನಂಶ ರಂಧ್ರಗಳಿಂದ ಆರಿ, ಮೊಂಡು ತುದಿಯ ಗಾಳಿ ಕೋಣೆ ದೊಡ್ಡದಾಗುತ್ತದೆ. ತೇಲುವುದಕ್ಕೆ ಅದೇ ಕಾರಣ. ಆಮ್ಲೆಟ್ಟಿಗೆ ಒಡೆಯುವಾಗ ಒಂದೊಂದನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆಯಿರಿ. ಒಂದು ಕೆಟ್ಟದ್ದು ಬಂದರೂ ಉಳಿದವು ಬಚಾವ್.

ಕುದಿಸುವ ಕ್ರಮ

ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಒಳ್ಳೆಯ ವಿಧಾನ ಇದೇ. ಎಣ್ಣೆ ಬೇಡ, ಪೋಷಕಾಂಶ ಹೆಚ್ಚು ಹಾಳಾಗುವುದಿಲ್ಲ.

ಫ್ರಿಜ್ಜಿನಿಂದ ತೆಗೆದ ತತ್ತಿಯನ್ನು ಹತ್ತು ನಿಮಿಷ ಹೊರಗಿಡಿ, ಇಲ್ಲದಿದ್ದರೆ ಬಿಸಿ ತಾಗಿದ ಕೂಡಲೇ ಸೀಳುತ್ತದೆ. ತೊಳೆದು ಬೋಗುಣಿಯಲ್ಲಿ ಒಂದೇ ಪದರ ಜೋಡಿಸಿ. ಮೇಲೆ ಒಂದು ಇಂಚು ಬರುವಷ್ಟು ತಣ್ಣೀರು ಹಾಕಿ. ಅರ್ಧ ಚಮಚ ಉಪ್ಪು ಹಾಕಿದರೆ, ಯಾವುದಾದರೂ ಸೀಳಿದರೂ ಬಿಳಿ ಬೇಗ ಗಟ್ಟಿಯಾಗಿ ಹೊರಗೆ ಹರಿಯುವುದಿಲ್ಲ. ಉರಿ ಜೋರು ಇಟ್ಟು ಕುದಿ ಬರಿಸಿ. ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ ಗಡಿಯಾರ ನೋಡಿ: ಹತ್ತು ನಿಮಿಷ. ಹಳದಿ ಪೂರ್ತಿ ಗಟ್ಟಿಯಾಗಲು ಅಷ್ಟು ಸಾಕು. ಅಷ್ಟಾದ ಕೂಡಲೇ ಬಿಸಿನೀರು ಚೆಲ್ಲಿ ತಣ್ಣೀರಿಗೆ ಹಾಕಿ, ಐದು ನಿಮಿಷ ಬಿಡಿ.

ಇಪ್ಪತ್ತು ನಿಮಿಷ ಕುದಿಸಿ ಮರೆತುಬಿಟ್ಟರೆ ಹಳದಿಯ ಸುತ್ತ ಹಸಿರು ಉಂಗುರ ಕಾಣುತ್ತದೆ. ಬಿಳಿಯಲ್ಲಿನ ಗಂಧಕವೂ ಹಳದಿಯಲ್ಲಿನ ಕಬ್ಬಿಣವೂ ಸೇರಿ ಆದ ಬಣ್ಣ ಅದು. ವಿಷ ಅಲ್ಲ, ತಿನ್ನಬಹುದು. ಆದರೆ ಬಿಳಿ ರಬ್ಬರಿನಂತಾಗಿ ಮಕ್ಕಳು ಮುಟ್ಟುವುದಿಲ್ಲ. ಮಗು ತತ್ತಿ ಒಲ್ಲೆ ಅನ್ನುತ್ತಿದ್ದರೆ ಮೊದಲು ನೀವು ಎಷ್ಟು ಹೊತ್ತು ಕುದಿಸುತ್ತೀರಿ ನೋಡಿಕೊಳ್ಳಿ.

ಸುಲಿಯುವಾಗ ಮೊಂಡು ತುದಿಯಿಂದ ಶುರು ಮಾಡಿ. ಗಾಳಿ ಕೋಣೆ ಅಲ್ಲೇ ಇರುವುದರಿಂದ ಬೆರಳಿಗೆ ಜಾಗ ಸಿಗುತ್ತದೆ. ಮೆಲ್ಲಗೆ ಕಟ್ಟೆಯ ಮೇಲೆ ಉರುಳಿಸಿ ಚಿಪ್ಪೆಲ್ಲ ಸಣ್ಣ ಸಣ್ಣ ಚೂರಾಗಲಿ, ಒಳಪೊರೆಯ ಕೆಳಗೆ ಹೆಬ್ಬೆರಳು ತೂರಿಸಿ, ಹನಿ ಹನಿ ನೀರು ಬಿಡುತ್ತಾ ತೆಗೆಯಿರಿ. ಇವತ್ತೇ ಇಟ್ಟ ಜವಾರಿ ತತ್ತಿ ಸುಲಿಯುವಾಗ ಬಿಳಿಯೂ ಕಿತ್ತು ಬರುತ್ತದೆ. ನಾಲ್ಕೈದು ದಿನದ್ದಾದರೆ ನುಣ್ಣಗೆ ಬಿಡುತ್ತದೆ. ಕುದಿಸಲು ಸ್ವಲ್ಪ ಹಳೆಯದು, ಆಮ್ಲೆಟ್ಟಿಗೆ ತಾಜಾದು ಅಂತ ಬೇರೆ ಮಾಡಿಕೊಳ್ಳಿ.

ಕುದಿಸಿದ ತತ್ತಿಯನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಡಬಾರದು, ಏಪ್ರಿಲ್ ಮೇ ಬಿಸಿಲಿಗೆ ಒಂದು ತಾಸೂ ಹೆಚ್ಚೇ. ಅದಕ್ಕೇ ಬೇಸಿಗೆಯಲ್ಲಿ ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ತತ್ತಿ ಕಟ್ಟಬೇಡಿ. ಬುತ್ತಿಗೆ ಖಡಕ್ ರೊಟ್ಟಿ, ಹಿಂಡಿ ಇರಲಿ, ತತ್ತಿ ಬೆಳಿಗ್ಗೆ ಮನೆಯಲ್ಲೇ ತಿಂದು ಹೋಗಲಿ.

ಪಲ್ಯ, ಸಾರು, ಬುರ್ಜಿ

ರೊಟ್ಟಿಗೆ ನನ್ನ ಮೊದಲ ಆಯ್ಕೆ ಮೆಂತ್ಯೆ ತತ್ತಿ ಪಲ್ಯ. ಎರಡು ಚಮಚ ಕುಸುಬಿ ಎಣ್ಣೆ ಕಾಯಿಸಿ ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಎರಡು ಉಳ್ಳಾಗಡ್ಡಿ ಹಾಕಿ ಬಾಡಿಸಿ. ಅರಿಶಿಣ, ಒಂದು ಚಮಚ ಕೆಂಪು ಖಾರ, ಉಪ್ಪು. ಹೆಚ್ಚಿದ ಮೆಂತ್ಯೆ ಸೊಪ್ಪು ಒಂದು ಕಟ್ಟು ಹಾಕಿ ನೀರು ಆರುವ ತನಕ ಬಿಡಿ. ಆಮೇಲೆ ನಾಲ್ಕು ತತ್ತಿ ಒಡೆದು ಹಾಕಿ, ಒಂದು ನಿಮಿಷ ಮುಟ್ಟಬೇಡಿ, ನಂತರ ಮೆಲ್ಲಗೆ ಕೈಯಾಡಿಸಿ. ಹಸಿ ಅಂಶ ಕಾಣದಂತಾದಾಗ ಇಳಿಸಿ, ಮೇಲೆ ಲಿಂಬೆ ಹಿಂಡಿ. ತತ್ತಿಯಲ್ಲಿ ಇಲ್ಲದ ನಾರು, ವಿಟಮಿನ್ ಸಿ ಎರಡೂ ಇದರಲ್ಲಿ ಸೇರಿಕೊಂಡವು.

ಸಾರಿಗೆ ಎರಡು ಉಳ್ಳಾಗಡ್ಡಿಯನ್ನು ಉರಿಯ ಮೇಲೆ ಸುಟ್ಟು, ಎರಡು ಚಮಚ ಒಣಕೊಬ್ಬರಿ, ಬಳ್ಳೊಳ್ಳಿ, ಶುಂಠಿ, ಕೊತ್ತಂಬರಿ ಜೊತೆ ರುಬ್ಬಿ. ಎರಡು ಚಮಚ ಎಣ್ಣೆಯಲ್ಲಿ ಮಸಾಲಿ ಖಾರ ಸೇರಿಸಿ ಹುರಿದು ನೀರು ಹಾಕಿ ಕುದಿಸಿ. ಚೆನ್ನಾಗಿ ಕುದಿಯುವಾಗ ತತ್ತಿಗಳನ್ನು ಒಂದೊಂದಾಗಿ ಒಡೆದು ನೇರ ಸಾರಿಗೇ ಬಿಡಿ. ಸೌಟು ಆಡಿಸಬೇಡಿ. ಮುಚ್ಚಿ ಏಳೆಂಟು ನಿಮಿಷ ಬಿಟ್ಟರೆ ಹಳದಿ ಗಟ್ಟಿಯಾಗಿ ಇಡಿಯಾಗಿ ನಿಲ್ಲುತ್ತದೆ. ಬೇರೆ ಕುದಿಸಿ, ಸುಲಿದು, ಎಣ್ಣೆಯಲ್ಲಿ ಹುರಿದು ಹಾಕುವ ಕೆಲಸವೂ ಉಳಿಯಿತು, ಎಣ್ಣೆಯೂ ಉಳಿಯಿತು.

ಸಂಜೆ ಗಾಡಿಯ ಬುರ್ಜಿ ಪಾವ್ ಯಾವಾಗಲೋ ಒಮ್ಮೆ ಇರಲಿ. ಅಲ್ಲಿ ಎಣ್ಣೆ, ಬೆಣ್ಣೆ, ಉಪ್ಪು ಜಾಸ್ತಿ, ಮೈದಾದ ಪಾವಿನಲ್ಲಿ ನಾರಿಲ್ಲ. ಅದೇ ಬುರ್ಜಿಯನ್ನು ಮನೆಯಲ್ಲಿ ಒಂದು ಚಮಚ ಎಣ್ಣೆಯಲ್ಲಿ ಮಾಡಿ ರೊಟ್ಟಿಗೆ ಸುತ್ತಿ ಕೊಟ್ಟು ನೋಡಿ.

ಹಸಿ ತತ್ತಿ ಬೇಡ

ನಮ್ಮ ಕಡೆ ಗರಡಿ ಮನೆಯ ಸಂಪ್ರದಾಯ ದೊಡ್ಡದು. ಹಾಲಿಗೆ ಹಸಿ ತತ್ತಿ ಒಡೆದು ಕುಡಿಯುವುದು ಪೈಲ್ವಾನರ ರೂಢಿ. ಈಗ ಜಿಮ್ಮಿಗೆ ಹೋಗುವ ಹುಡುಗರೂ ಅದನ್ನೇ ಹಿಡಿದಿದ್ದಾರೆ. ಅವರಿಗೆ ಪ್ರೀತಿಯಿಂದಲೇ ಹೇಳುತ್ತೇನೆ, ಬೇಯಿಸಿ ತಿನ್ನಿ. ಬೆಂದ ತತ್ತಿಯ ಪ್ರೋಟೀನ್ ಸುಮಾರು 90 ಶೇಕಡಾ ಜೀರ್ಣವಾದರೆ, ಹಸಿಯದ್ದು 50ರ ಹತ್ತಿರ ಮಾತ್ರ ಅಂತ ಅಳೆದು ನೋಡಿದವರು ಹೇಳಿದ್ದಾರೆ. ಅಂದರೆ ನಾಲ್ಕು ಹಸಿ ಕುಡಿದವನಿಗಿಂತ ಮೂರು ಬೇಯಿಸಿ ತಿಂದವನಿಗೇ ಹೆಚ್ಚು ಸಿಗುತ್ತದೆ. ಹಸಿ ಬಿಳಿಯಲ್ಲಿರುವ ಎವಿಡಿನ್ ಅನ್ನೋ ಪ್ರೋಟೀನ್ ಬಯೋಟಿನ್ ವಿಟಮಿನ್ನನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತದೆ. ಬೇಯಿಸಿದರೆ ಆ ತೊಂದರೆ ಇಲ್ಲ. ಸಾಲ್ಮೊನೆಲ್ಲಾ ರೋಗಾಣುವಿನ ಭಯ ಬೇರೆ. ಗರ್ಭಿಣಿ, ಕೂಸು, ವಯಸ್ಸಾದವರು ಅರೆಬೆಂದದ್ದನ್ನೂ ತಿನ್ನಬಾರದು.

ತತ್ತಿ ಉಷ್ಣ, ಬೇಸಿಗೆಯಲ್ಲಿ ತಿನ್ನಬಾರದು ಅನ್ನುವವರಿದ್ದಾರೆ. ದಿನಕ್ಕೆ ಒಂದು ತಿಂದರೆ ಬೇಸಿಗೆಯಲ್ಲೂ ತೊಂದರೆ ಇಲ್ಲ, ನೀರು, ಮಜ್ಜಿಗೆ ಚೆನ್ನಾಗಿ ಕುಡಿಯಿರಿ. ಬೇಸಿಗೆಯ ನಿಜವಾದ ಅಪಾಯ ಕೆಟ್ಟ ತತ್ತಿ ಹೊಟ್ಟೆಗೆ ಹೋಗುವುದು.

ತತ್ತಿ ತಿನ್ನದ ಮನೆಗೆ

ನಮ್ಮ ಸೀಮೆಯಲ್ಲಿ ತತ್ತಿ ಮುಟ್ಟದ ಮನೆಗಳು ಬಹಳ. ತಿನ್ನುವವರೂ ಶ್ರಾವಣದಲ್ಲಿ, ಸೋಮವಾರ ಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಬದಲಿ ಇದ್ದರೆ ಆಯಿತು. ರೊಟ್ಟಿಯ ಜೊತೆ ದಿನಾ ಒಂದು ದೊಡ್ಡ ಬಟ್ಟಲು ಗಟ್ಟಿ ಕಾಳು ಇರಲಿ: ಮಡಕಿ, ಹೆಸರು, ಕಡಲೆ, ಅಲಸಂದಿ ಯಾವುದಾದರೂ. ಮೊಳಕೆ ಬರಿಸಿದರೆ ಇನ್ನೂ ಸುಲಭವಾಗಿ ಅರಗುತ್ತದೆ. ಒಂದು ಹಿಡಿ ಶೇಂಗಾ ಅಥವಾ ಪುಟಾಣಿಯಲ್ಲೇ ಒಂದು ತತ್ತಿಯಷ್ಟು ಪ್ರೋಟೀನ್ ಸಿಗುತ್ತದೆ. ಮೊಸರು, ಹಾಲು ಎರಡು ಹೊತ್ತು.

ಬಿ12 ಮಾತ್ರ ಕಾಳಿನಿಂದ ಬರುವುದಿಲ್ಲ. ತತ್ತಿಯೂ ಇಲ್ಲ, ಹಾಲು ಮೊಸರೂ ಕಡಿಮೆ ಅನ್ನುವ ಮನೆಯಲ್ಲಿ ಯಾರಿಗಾದರೂ ಕೈಕಾಲು ಜುಮ್ಮೆನ್ನುವುದು, ಸದಾ ಸುಸ್ತು, ನಾಲಿಗೆ ಉರಿ, ಮರೆವು ಇದ್ದರೆ ಸುಮ್ನೆ ಟಾನಿಕ್ ತಂದು ಕುಡಿಸಬೇಡಿ. ಡಾಕ್ಟರ ಹತ್ತಿರ ಹೋಗಿ ರಕ್ತದಲ್ಲಿ ಬಿ12 ನೋಡಿಸಿ. ಕಡಿಮೆ ಇದ್ದರೆ ಮಾತ್ರೆಯೋ ಇಂಜೆಕ್ಷನ್ನೋ ಅವರು ಹೇಳುತ್ತಾರೆ.